ಹೆಸರು ಬರೆಸದಿದ್ದರೆ ಜನ ನಿಜ ಹೇಳ್ತಾರಾ? ಸರ್ವೆ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಸುತ್ತಮುತ್ತ ಪ್ರಾಜೆಕ್ಟ್ ಮಾಡುವ ಎಂಎಸ್‌ಡಬ್ಲ್ಯೂ, ಬಿ.ಎಡ್, ನರ್ಸಿಂಗ್, ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಪ್ರಶ್ನಾವಳಿ ಹಿಡಿದು ಬಂದಾಗ ನನ್ನನ್ನು ಕೇಳುವ ಪ್ರಶ್ನೆಗಳಿವು. ಫಾರಂ ತುಂಬುವ ಜನ ಕೇಳುವ ಒಂದೆರಡನ್ನೂ ಸೇರಿಸಿದ್ದೇನೆ. ಇಲ್ಲಿ ಮಾತಾಡುತ್ತಿರುವುದು ಜನ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಸರ್ವೆಗಳ ಬಗ್ಗೆ. ಎಷ್ಟು ಕುಡಿಯುತ್ತೀರಿ, ಸಾಲ ಎಷ್ಟಿದೆ, ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದೀರಾ, ಮನೆಯಲ್ಲಿ ಹೊಡೆತ ತಿಂದಿದ್ದೀರಾ. ಇವನ್ನೆಲ್ಲ ಅಳೆಯಲು ನಮ್ಮ ಹತ್ತಿರ ಬೇರೆ ಮೀಟರ್ ಇಲ್ಲ. ಅವರು ಹೇಳಿದ್ದೇ ಡೇಟಾ.

ಹೆಸರು ಬರೆಸದಿದ್ದರೆ ಜನ ಹೆಚ್ಚು ನಿಜ ಹೇಳುತ್ತಾರೆ ಅನ್ನುವುದು ಖಚಿತವಾ?

ನಾಚಿಕೆಯ, ಭಯದ ವಿಷಯಗಳಲ್ಲಿ ಹೌದು, ಒಪ್ಪಿಕೊಳ್ಳುವವರು ಜಾಸ್ತಿ ಆಗುತ್ತಾರೆ. ಓಂಗ್ ಮತ್ತು ವೈಸ್ ಎಂಬ ಸಂಶೋಧಕರು 2000ದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮೋಸ ಮಾಡುವ ಅವಕಾಶ ಸಿಗುವಂತೆ ಇಟ್ಟು, ಆಮೇಲೆ ಮೋಸ ಮಾಡಿದಿರಾ ಎಂದು ಕೇಳಿದರು. ಒಂದು ಗುಂಪಿನ ಫಾರಂ ಪೂರ್ತಿ ಹೆಸರಿಲ್ಲದ್ದು. ಇನ್ನೊಂದು ಗುಂಪಿಗೆ, ನೀವು ಯಾರೆಂದು ನಮಗೆ ಗೊತ್ತಿರುತ್ತದೆ, ಆದರೆ ಯಾರಿಗೂ ಹೇಳುವುದಿಲ್ಲ ಎಂಬ ಮಾತು. ಮೋಸ ಮಾಡಿದವರ ಪೈಕಿ ಮೊದಲ ಗುಂಪಿನಲ್ಲಿ ನೂರಕ್ಕೆ 74 ಜನ ಒಪ್ಪಿಕೊಂಡರು. ಎರಡನೆಯದರಲ್ಲಿ ನೂರಕ್ಕೆ 25 ಮಾತ್ರ.

ಇಷ್ಟು ದೊಡ್ಡ ಅಂತರ ಎಲ್ಲ ಪ್ರಶ್ನೆಗೂ ಬರುವುದಿಲ್ಲ. ಮಕ್ಕಳೆಷ್ಟು, ಯಾವ ಬಸ್ಸಿಗೆ ಓಡಾಡುತ್ತೀರಿ ಎಂದು ಕೇಳುವ ಫಾರಂನಲ್ಲಿ ಹೆಸರು ಇದ್ದರೇನು, ಬಿಟ್ಟರೇನು. ಎಲಿನಾರ್ ಸಿಂಗರ್ ಮತ್ತು ಜೊತೆಗಾರರು ಇಂಥ ಹಲವಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 1995ರಲ್ಲಿ ಹೇಳಿದ್ದೂ ಇದನ್ನೇ. ಪ್ರಶ್ನೆ ಸೂಕ್ಷ್ಮವಾಗಿದ್ದಾಗ ಗುಟ್ಟು ಕಾಯುವ ಭರವಸೆ ಕೆಲಸ ಮಾಡುತ್ತದೆ. ಸಾಮಾನ್ಯ ಪ್ರಶ್ನೆಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಹೆಸರು ಕೇಳುವುದಿಲ್ಲ ಅಂದರೂ ನಮ್ಮ ಕಡೆ ಜನ ಬಾಯಿ ಬಿಡುವುದಿಲ್ಲ. ಯಾಕೆ?

ಯಾಕೆಂದರೆ ನಮ್ಮ ಊರುಗಳಲ್ಲಿ ಹೆಸರು ಹೇಳದೆಯೂ ಎಲ್ಲರಿಗೂ ಎಲ್ಲರೂ ಗೊತ್ತು. ಹಳ್ಳಿಗೆ ಹೋಗುವಾಗ ನೀವು ಯಾರನ್ನು ಜೊತೆಗೆ ಕರೆದುಕೊಂಡು ಹೋಗುತ್ತೀರಿ ನೋಡಿ. ಆಶಾ ಕಾರ್ಯಕರ್ತೆ, ಇಲ್ಲವೇ ಪಂಚಾಯ್ತಿ ಸದಸ್ಯರು. ಅವರಿಲ್ಲದೆ ಮನೆ ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಅವರು ಕಟ್ಟೆಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುವಾಗ "ಹೆಸರು ಬರೆಯಲ್ಲ ಅಕ್ಕಾ" ಅನ್ನುವ ಮಾತಿಗೆ ಏನು ಬೆಲೆ? ಆಕೆಗೆ ನಿಮ್ಮ ಕಾಗದದ ಭಯ ಇಲ್ಲ. ಆ ಕಟ್ಟೆಯ ಭಯ ಇದೆ.

ಇನ್ನೊಂದು ಕಾರಣ, ಸರ್ವೆ ಅಂದ ತಕ್ಷಣ ಜನಕ್ಕೆ ನೆನಪಾಗುವ ಸಂಗತಿಗಳು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಮನೆ, ಹೊಲ ಬಿಟ್ಟುಕೊಟ್ಟು ನವನಗರಕ್ಕೋ ಪುನರ್ವಸತಿ ಕೇಂದ್ರಕ್ಕೋ ಬಂದ ಕುಟುಂಬಗಳಿಗೆ ಸರ್ವೆ ಎಂದರೆ ಪರಿಹಾರದ ಲೆಕ್ಕ. ಅವರು ಅಳತೆ, ಪಟ್ಟಿ, ಸಹಿ ಎಲ್ಲ ನೋಡಿದವರು. ನೀವು ಬಂದು ಮನೆಯಲ್ಲಿ ಎಷ್ಟು ಜನ, ಆದಾಯ ಎಷ್ಟು ಅಂದರೆ, ಇದು ಯಾವುದಕ್ಕೋ ಸೇರುತ್ತದೆ ಎಂದೇ ಅವರು ಉತ್ತರ ಕೊಡುತ್ತಾರೆ. ಬಿಪಿಎಲ್ ಕಾರ್ಡ್ ಇದ್ದವರು ಆದಾಯ ಕಡಿಮೆ ಹೇಳುವುದಕ್ಕೂ ಇದೇ ಕಾರಣ. ಅದನ್ನು ಸುಳ್ಳು ಎಂದು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಕಾರ್ಡ್ ಹೋದರೆ ಅಕ್ಕಿ ಹೋಗುತ್ತದೆ. ಸಂಶೋಧನೆ ಮಾಡಲು ಬಂದ ಹುಡುಗನಿಗಾಗಿ ಅಷ್ಟು ದೊಡ್ಡ ಅಪಾಯವನ್ನು ಅವರು ಯಾಕೆ ತೆಗೆದುಕೊಳ್ಳಬೇಕು?

ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆ ನೇಕಾರರ ಸರ್ವೆ ಮಾಡುವವರಿಗೆ ಒಂದು ಮಾತು. ಸಾಹುಕಾರರ ಜಾಗದಲ್ಲಿ, ಅವರು ಕೊಟ್ಟ ಮಗ್ಗದ ಮುಂದೆ ಕೂತು ಕೂಲಿ ಎಷ್ಟು, ಮುಂಗಡ ಎಷ್ಟು ತೆಗೆದುಕೊಂಡಿದ್ದೀರಿ ಎಂದು ಕೇಳಬೇಡಿ. ಮನೆಗೆ ಹೋಗಿ, ಕೆಲಸ ಇಲ್ಲದ ಹೊತ್ತಿನಲ್ಲಿ ಕೇಳಿ. ಪ್ರಶ್ನೆ ಅದೇ ಇರುತ್ತದೆ, ಉತ್ತರ ಬದಲಾಗುತ್ತದೆ.

ಹಾಗಾಗಿ ಪ್ರಶ್ನಾವಳಿ ಬರೆಯುವ ಮೊದಲು ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದದ್ದು ಇದು: ಈ ಉತ್ತರ ಹೊರಗೆ ಬಿದ್ದರೆ ಇವರಿಗೆ ಯಾರಿಂದ ತೊಂದರೆ? ಗಂಡನಿಂದಲಾ, ಅತ್ತೆಯಿಂದಲಾ, ಮೇಷ್ಟ್ರಿಂದಲಾ, ಸಾಹುಕಾರರಿಂದಲಾ, ಸರಕಾರದಿಂದಲಾ? ಆ ವ್ಯಕ್ತಿಯಿಂದ ಉತ್ತರವನ್ನು ಕಾಯುವ ದಾರಿ ಹುಡುಕಿ. ಫಾರಂನ ಮೇಲೆ ಹೆಸರಿನ ಗೆರೆ ತೆಗೆಯುವುದು ಆ ದಾರಿಯ ಒಂದು ಸಣ್ಣ ಭಾಗ.

ಹೆಸರು, ಫೋನ್ ನಂಬರ್ ಎರಡೂ ಇಲ್ಲ. ಇನ್ನು ಯಾರೆಂದು ಹೇಗೆ ಗೊತ್ತಾಗುತ್ತದೆ?

ತುಂಬಾ ಸುಲಭವಾಗಿ ಗೊತ್ತಾಗುತ್ತದೆ. ಲಟಾನಿಯಾ ಸ್ವೀನಿ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ 1990ರ ಜನಗಣತಿಯ ಅಂಕಿ ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಅಂಚೆ ಪಿನ್ ಕೋಡ್, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ, ಈ ಮೂರು ಗೊತ್ತಿದ್ದರೆ ಆ ದೇಶದ ನೂರಕ್ಕೆ 87 ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಅಂದಾಜು ಬಂತು.

ಈಗ ನಿಮ್ಮ ಫಾರಂ ನೋಡಿ. ತಾಲ್ಲೂಕು ಆಸ್ಪತ್ರೆಯ ಸಿಬ್ಬಂದಿಯ ಬಗ್ಗೆ ಸರ್ವೆ. ಮೊದಲ ಪುಟದಲ್ಲಿ ವಯಸ್ಸು, ಜಾತಿ, ಹುದ್ದೆ, ಎಷ್ಟು ವರ್ಷದ ಸರ್ವಿಸ್, ಮದುವೆ ಆಗಿದೆಯಾ. ಎರಡನೆಯ ಪುಟದಲ್ಲಿ "ಮೇಲಧಿಕಾರಿಯಿಂದ ಕಿರುಕುಳ ಆಗಿದೆಯಾ?" ಆ ಆಸ್ಪತ್ರೆಯಲ್ಲಿ 52 ವರ್ಷದ, ಮದುವೆಯಾಗದ ಸ್ಟಾಫ್ ನರ್ಸ್ ಒಬ್ಬರೇ ಇದ್ದರೆ, ಅವರು ಮೊದಲ ಪುಟ ತುಂಬುವಾಗಲೇ ಎರಡನೆಯ ಪುಟದ ಉತ್ತರ ಏನೆಂದು ತೀರ್ಮಾನ ಮಾಡಿರುತ್ತಾರೆ.

ಬೇಡದ್ದನ್ನು ಕೇಳಬೇಡಿ. ವಯಸ್ಸಿನ ಬದಲು 30ರಿಂದ 39, 40ರಿಂದ 49 ಎಂದು ಗುಂಪು ಕೊಡಿ. ಊರಿನ ಹೆಸರಿನ ಬದಲು ತಾಲ್ಲೂಕು ಸಾಕಾ ನೋಡಿ. ವೈಯಕ್ತಿಕ ವಿವರಗಳನ್ನು ಕೊನೆಯ ಪುಟಕ್ಕೆ ಹಾಕಿ. ವರದಿ ಬರೆಯುವಾಗ ಐದಕ್ಕಿಂತ ಕಡಿಮೆ ಜನ ಇರುವ ಗುಂಪನ್ನು ಬೇರೆ ಸಾಲಾಗಿ ತೋರಿಸಬೇಡಿ, ಪಕ್ಕದ ಗುಂಪಿಗೆ ಸೇರಿಸಿ. ಜಾತಿಯ ಕಾಲಂ ಬೇಕೇ ಬೇಕು ಅಂತ ಗೈಡ್ ಹೇಳಿದರೆ, ಯಾವ ಟೇಬಲ್‌ಗಾಗಿ ಬೇಕು ಎಂದು ಕೇಳಿ. ಬಹಳ ಸಲ ಅದಕ್ಕೆ ಟೇಬಲ್ಲೇ ಇರುವುದಿಲ್ಲ. ಹಳೆಯ ಪ್ರಶ್ನಾವಳಿಯಿಂದ ಹಾಗೇ ಬಂದಿರುತ್ತದೆ.

"ಉತ್ತರಿಸಲು ಇಷ್ಟವಿಲ್ಲ" ಎಂಬ ಆಯ್ಕೆ ಕೊಟ್ಟರೆ ಎಲ್ಲರೂ ಅದಕ್ಕೇ ಟಿಕ್ ಹಾಕಲ್ವಾ?

ಕೆಲವರು ಹಾಕುತ್ತಾರೆ. ಆದರೂ ಕೊಡಿ. ಇದರ ಮಹತ್ವ ನಮ್ಮ ಚುನಾವಣೆಯಲ್ಲೇ ಇದೆ. 2013ಕ್ಕೆ ಮುಂಚೆ ಮತಗಟ್ಟೆಗೆ ಹೋಗಿ ಯಾರಿಗೂ ಓಟು ಹಾಕುವುದಿಲ್ಲ ಅನ್ನುವವರು 49-ಒ ನಿಯಮದ ಪ್ರಕಾರ ಅದನ್ನು ಅಧಿಕಾರಿಗೆ ಹೇಳಿ, ರಿಜಿಸ್ಟರ್‌ನಲ್ಲಿ ಸಹಿ ಮಾಡಬೇಕಿತ್ತು. ಏಜೆಂಟರು ಅಲ್ಲೇ ಕೂತಿರುತ್ತಾರೆ. ಓಟು ಹಾಕಿದವರ ಗುಟ್ಟು ಉಳಿಯುತ್ತಿತ್ತು, ಹಾಕದವರದ್ದು ಎಲ್ಲರ ಮುಂದೆ ಬಯಲಾಗುತ್ತಿತ್ತು. ಇದು ಸರಿಯಲ್ಲ ಎಂದು 2013ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಗ ಬಂದದ್ದು ನೋಟಾ ಬಟನ್.

ಕ್ಲಾಸಿನಲ್ಲಿ ಫಾರಂ ಹಂಚುವಾಗ "ಇಷ್ಟ ಇಲ್ಲದವರು ಎದ್ದು ಹೊರಗೆ ಹೋಗಬಹುದು" ಅಂದರೆ ಅದೇ ತಪ್ಪು ಆಗುತ್ತದೆ. ಯಾರು ಏಳುತ್ತಾರೆ? ಬೇಡ ಅನ್ನುವುದಕ್ಕೂ ಕಾಗದದ ಮೇಲೇ ಜಾಗ ಇರಲಿ. ಖಾಲಿ ಫಾರಂ ಕೊಡುವವರೂ ತುಂಬಿದವರ ಹಾಗೇ ಕುಳಿತು, ಹಾಗೇ ಮಡಚಿ, ಅದೇ ಡಬ್ಬಿಗೆ ಹಾಕಲಿ.

ಕಾಲೇಜಿನಲ್ಲಿ ಸರ್ವೆ ಮಾಡುವಾಗ ಮತ್ತೇನು ಗಮನಿಸಬೇಕು?

ಮೇಷ್ಟ್ರು ಕೋಣೆಯಲ್ಲಿ ಇರಬಾರದು. ಫಾರಂ ಅವರ ಕೈಗೆ ಹೋಗಬಾರದು. ಬೆಂಚಿನ ಸಾಲಿನಂತೆ ಒಟ್ಟುಗೂಡಿಸಬೇಡಿ, ಮುಚ್ಚಿದ ಡಬ್ಬಿ ಇಡಿ. ಎಲ್ಲರೂ ಹಾಕುವ ತನಕ ತೆರೆಯಬೇಡಿ. ಉದ್ದುದ್ದ ಬರೆಯುವ ಪ್ರಶ್ನೆ ಬೇಡ, ಕೈಬರಹ ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲರಿಗೂ ಒಂದೇ ಬಣ್ಣದ ಪೆನ್ನು ಕೊಡಿ. ಇನ್ನು ಫಾರಂನ ಮೂಲೆಯಲ್ಲಿ ಸಣ್ಣ ಸೀರಿಯಲ್ ನಂಬರ್ ಹಾಕಿ ರೋಲ್ ನಂಬರ್ ಕ್ರಮದಲ್ಲಿ ಹಂಚುವ ಅಭ್ಯಾಸ ಇದ್ದರೆ ಈಗಲೇ ಬಿಡಿ. ಹುಡುಗರು ಅದನ್ನು ಎಲ್ಲಕ್ಕಿಂತ ಮೊದಲು ನೋಡುತ್ತಾರೆ.

ಗೂಗಲ್ ಫಾರಂ ಕಳಿಸಿದರೆ ಹೆಸರಿಲ್ಲದ ಸರ್ವೆ ಆಯಿತಲ್ವಾ?

ಸೆಟ್ಟಿಂಗ್ ನೋಡಿ. ಇಮೇಲ್ ಸಂಗ್ರಹಿಸುವ ಆಯ್ಕೆ ಆನ್ ಇದ್ದರೆ ಆಗಲಿಲ್ಲ. ಫೈಲ್ ಅಪ್‌ಲೋಡ್ ಕೇಳಿದರೆ ಜನ ತಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆಗಲೇಬೇಕು. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೂ ಲಾಗಿನ್ ಕೇಳುತ್ತದೆ. ಇಮೇಲ್ ನಿಮಗೆ ಕಾಣದಿದ್ದರೂ, ತುಂಬುವವರಿಗೆ ಕಾಣುವುದು ತಮ್ಮದೇ ಇಮೇಲ್ ವಿಳಾಸ. ಅಲ್ಲಿಗೆ ನಂಬಿಕೆ ಹೋಯಿತು.

ಎಲ್ಲ ಸರಿ ಮಾಡಿದರೂ ಶೀಟಿನಲ್ಲಿ ಸಮಯದ ಕಾಲಂ ಬರುತ್ತದೆ. ನೀವು ಒಬ್ಬೊಬ್ಬರಿಗೆ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದೀರಿ, ಅವರು "ತುಂಬಿದೆ ಸರ್" ಎಂದು ಮೆಸೇಜ್ ಹಾಕಿದ್ದಾರೆ. ಎರಡೂ ಸಮಯ ಪಕ್ಕಪಕ್ಕ ಇಟ್ಟರೆ ಮುಗಿಯಿತು. ಗ್ರೂಪಿಗೆ ಲಿಂಕ್ ಹಾಕಿ, ತುಂಬಿದವರು ತಿಳಿಸಬೇಡಿ ಎಂದು ಹೇಳಿ, ಡೇಟಾ ಇಳಿಸಿಕೊಂಡ ಮೇಲೆ ಸಮಯದ ಕಾಲಂ ಅಳಿಸಿ.

ಹೆಸರೇ ಇಲ್ಲದ ಸರ್ವೆ ಮಾಡಬೇಕಾ, ಹೆಸರು ತೆಗೆದುಕೊಂಡು ಗುಟ್ಟಾಗಿ ಇಡಬೇಕಾ?

ಎರಡೂ ಬೇರೆ ಬೇರೆ ವ್ಯವಸ್ಥೆ, ಒಂದನ್ನು ಮಾಡಿ ಇನ್ನೊಂದರ ಹೆಸರು ಹೇಳಬಾರದು. ಜನಗಣತಿಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ. ಆದರೆ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಆ ದಾಖಲೆಯನ್ನು ಯಾರೂ ತೆಗೆಸಿ ನೋಡುವಂತಿಲ್ಲ. ಗುಟ್ಟು ಕಾಯುವುದು ಅಂದರೆ ಹೀಗೆ. ನಿಮ್ಮ ಪ್ರಾಜೆಕ್ಟ್‌ಗೆ ಅಂಥ ಕಾಯ್ದೆಯ ಬಲ ಇಲ್ಲ. ನಿಮ್ಮ ಹತ್ತಿರ ಇರುವುದು ಒಂದು ಲ್ಯಾಪ್‌ಟಾಪ್ ಮತ್ತು ಒಂದು ಪೆನ್‌ಡ್ರೈವ್. ಹಾಗಾಗಿ ಮತ್ತೆ ಅದೇ ಜನರ ಹತ್ತಿರ ಹೋಗುವ ಅಗತ್ಯ ಇಲ್ಲದಿದ್ದರೆ ಹೆಸರು ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಪ್ಪಿಗೆ ಪತ್ರದ ಸಹಿ ಒಂದು ತೊಡಕು. ಸಹಿ ಮಾಡಿದ ಹಾಳೆಯನ್ನು ಫಾರಂಗೆ ಪಿನ್ ಹೊಡೆದು ಇಟ್ಟರೆ ಹೆಸರಿಲ್ಲದ ಸರ್ವೆ ಅಲ್ಲಿಗೇ ಮುಗಿಯಿತು. ಎರಡನ್ನೂ ಬೇರೆ ಬೇರೆ ಲಕೋಟೆಗೆ ಹಾಕಿ. ಸಹಿಯೇ ಇಲ್ಲದೆ ಬಾಯಿಮಾತಿನ ಒಪ್ಪಿಗೆ ಸಾಕಾಗುತ್ತದಾ ಎಂದು ಎಥಿಕ್ಸ್ ಕಮಿಟಿಯನ್ನು ಮೊದಲೇ ಕೇಳಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೊಟ್ಟ 2017ರ ಮಾರ್ಗಸೂಚಿಯಲ್ಲಿ ಕೆಲವು ಸಂದರ್ಭಗಳಲ್ಲಿ ಇದಕ್ಕೆ ಅವಕಾಶ ಇದೆ.

ಅದೇ ಜನರನ್ನು ಆರು ತಿಂಗಳ ನಂತರ ಮತ್ತೆ ಕೇಳಬೇಕು. ಹೆಸರಿಲ್ಲದೆ ಜೋಡಿಸುವುದು ಹೇಗೆ?

ಅವರೇ ಒಂದು ಕೋಡ್ ಮಾಡಿಕೊಳ್ಳಲಿ. ಮೂರ್ನಾಲ್ಕು ಸಣ್ಣ ಪ್ರಶ್ನೆಗಳ ಉತ್ತರದಿಂದ ಅಕ್ಷರ, ಅಂಕಿ ಸೇರಿಸಿ ಕೋಡ್. ಆ ಪ್ರಶ್ನೆಗಳ ಉತ್ತರ ಅವರಿಗೆ ಮರೆಯಬಾರದು, ಬೇರೆಯವರಿಗೆ ಗೊತ್ತಿರಬಾರದು. ಇಂಗ್ಲಿಷ್ ಪುಸ್ತಕದಲ್ಲಿ ತಾಯಿಯ ಹೆಸರಿನ ಮೊದಲ ಅಕ್ಷರ ಎಂದು ಇರುತ್ತದೆ. ಹಳ್ಳಿಯಲ್ಲಿ ಒಬ್ಬರ ತಾಯಿಯ ಹೆಸರು ಯಾರಿಗೆ ಗೊತ್ತಿಲ್ಲ? ಹುಟ್ಟಿದ ತಾರೀಖೂ ನಮ್ಮ ಕಡೆ ಕಷ್ಟ. ಎಷ್ಟೋ ಹಿರಿಯರ ಶಾಲಾ ದಾಖಲೆಯಲ್ಲಿ ಜೂನ್ 1 ಇರುತ್ತದೆ. ಕೆಲವರ ಕೋಡ್ ಎರಡನೆಯ ಸಲ ಹೊಂದುವುದಿಲ್ಲ. ಅದನ್ನು ಲೆಕ್ಕ ಹಾಕಿ ಮೊದಲೇ ಜಾಸ್ತಿ ಜನರನ್ನು ಸೇರಿಸಿಕೊಳ್ಳಿ.

ಹೆಂಗಸರನ್ನು ಮನೆಯಲ್ಲಿ ಮಾತಾಡಿಸುವಾಗ ಒಬ್ಬರೇ ಸಿಗುವುದೇ ಇಲ್ಲ. ಏನು ಮಾಡುವುದು?

ಸಿಗದಿದ್ದರೆ ಆ ಭಾಗವನ್ನು ಕೇಳಬೇಡಿ. ಇದು ನನ್ನ ಸ್ವಂತ ಸಲಹೆ ಅಷ್ಟೇ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಇದೇ ನಿಯಮ. ಮನೆಯೊಳಗಿನ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಣ್ಣುಮಗಳಿಗೆ ಮಾತ್ರ, ಅದೂ ಏಕಾಂತ ಸಿಕ್ಕರೆ ಮಾತ್ರ ಕೇಳುತ್ತಾರೆ. ಇಲ್ಲದಿದ್ದರೆ ಆ ಭಾಗ ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದರೂ ಕಿವಿ ಹೊರಗೇ ಇರುತ್ತದೆ. ಉತ್ತರ ಕೊಟ್ಟ ತಪ್ಪಿಗೆ ಆ ರಾತ್ರಿ ಆಕೆ ಮತ್ತೆ ಹೊಡೆತ ತಿನ್ನುವ ಹಾಗಾದರೆ, ಅಂಥ ಡೇಟಾ ನಮಗೆ ಬೇಡ.

ಆ ಸಮೀಕ್ಷೆಯ ಅಂಕಿಗಳನ್ನೇ ನೋಡಿ. ಕರ್ನಾಟಕದಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇನೆ ಎಂದ, ಮದುವೆಯಾದ ಹೆಂಗಸರು 2015-16ರಲ್ಲಿ ನೂರಕ್ಕೆ 20.6 ಇದ್ದರು. 2019-21ರ ಸಮೀಕ್ಷೆಯಲ್ಲಿ 44.4. ನಾಲ್ಕೈದು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ಹೊಡೆತ ಹೆಚ್ಚಾಯಿತಾ, ಹೇಳುವವರು ಹೆಚ್ಚಾದರಾ, ಕೇಳುವ ರೀತಿ ಸುಧಾರಿಸಿತಾ? ಈ ಎರಡು ಅಂಕಿಗಳಿಂದಲೇ ಅದನ್ನು ಬಿಡಿಸಲು ಬರುವುದಿಲ್ಲ. ತಾನೇ ಹೇಳಿಕೊಳ್ಳುವ ಡೇಟಾ ಬಳಸುವವರು ಯಾವಾಗಲೂ ನೆನಪಿಡಬೇಕಾದ ಸಂಗತಿ ಇದು. ಹೆಚ್ಚಿನ ಅಂಕಿ ಅಂದರೆ ಪರಿಸ್ಥಿತಿ ಕೆಟ್ಟಿದೆ ಎಂದೇ ಅರ್ಥವಾಗಬೇಕಿಲ್ಲ. ಹೇಳುವ ಧೈರ್ಯ ಬಂದಿದೆ ಎಂದೂ ಇರಬಹುದು.

ಓದು ಬರಹ ಬಾರದವರ ಹತ್ತಿರ ಹೆಸರಿಲ್ಲದ ಸರ್ವೆ ಸಾಧ್ಯವಾ? ನಾವೇ ಓದಿ, ನಾವೇ ಟಿಕ್ ಹಾಕಬೇಕಲ್ಲ.

ಸಾಧ್ಯ. ಒಳ್ಳೆಯ ದಾರಿಯೊಂದು ನಮ್ಮ ರಾಜ್ಯದಲ್ಲೇ ಬಳಕೆಯಾಗಿದೆ. ಎಚ್‌ಐವಿ ತಡೆಯುವ ಕೆಲಸದಲ್ಲಿ ಕರ್ನಾಟಕದ ಜಿಲ್ಲೆಗಳಲ್ಲಿ ಮತಗಟ್ಟೆ ಮಾದರಿಯ ಸರ್ವೆ ಮಾಡಿದರು. ಹತ್ತು ಹನ್ನೆರಡು ಜನರನ್ನು ಒಟ್ಟಿಗೆ ಕರೆಯುತ್ತಾರೆ. ಪ್ರತಿಯೊಬ್ಬರಿಗೂ ಓಟು ಹಾಕುವಾಗ ಇರುವ ಹಾಗೆ ಒಂದು ಮರೆ. ಒಬ್ಬರು ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಮರೆಯ ಹಿಂದೆ ಕೂತವರು ಪ್ರಶ್ನೆಯ ನಂಬರ್ ಇರುವ ಚೀಟಿಯನ್ನು ಹೌದು, ಇಲ್ಲ, ನನಗೆ ಅನ್ವಯಿಸದು ಎಂಬ ಬೇರೆ ಬೇರೆ ಬಣ್ಣದ ಡಬ್ಬಿಗಳ ಪೈಕಿ ಒಂದಕ್ಕೆ ಹಾಕುತ್ತಾರೆ. ಕೊನೆಗೆ ಎಲ್ಲರ ಚೀಟಿಯನ್ನೂ ಕೂಡಿಸಿ ಎಣಿಸುತ್ತಾರೆ. ಕ್ಯಾಥರಿನ್ ಲೌಂಡಿಸ್ ಮತ್ತು ಜೊತೆಗಾರರು ಇದರ ಬಗ್ಗೆ 2012ರಲ್ಲಿ ಬರೆದಿದ್ದಾರೆ. ಎದುರಾ ಬದುರಾ ಕೂತು ಕೇಳಿದಾಗ ಮುಚ್ಚಿಟ್ಟ ಎಷ್ಟೋ ಸಂಗತಿಗಳು ಇಲ್ಲಿ ಹೊರಗೆ ಬಂದವು.

ನನಗೆ ಈ ವಿಧಾನ ತುಂಬಾ ಇಷ್ಟ. ಓಟು ಹಾಕುವುದು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತಿರುವ ಕೆಲಸ. ಮರೆಯ ಹಿಂದೆ ಮಾಡಿದ್ದು ಗುಟ್ಟು ಅನ್ನುವುದನ್ನು ಯಾರಿಗೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಇದಕ್ಕೂ ಒಂದು ಬೆಲೆ ಇದೆ. ಚೀಟಿಗಳನ್ನು ಕೂಡಿಸಿದ ಮೇಲೆ ಕುಡಿಯುವವರೇ ಸಾಲ ಮಾಡಿದವರಾ ಎಂದು ಜೋಡಿಸಿ ನೋಡಲು ಆಗದು. ಗುಂಪಿನ ಒಟ್ಟು ಲೆಕ್ಕ ಮಾತ್ರ ಸಿಗುತ್ತದೆ.

ಇನ್ನೊಂದು ದಾರಿ ಹೆಡ್‌ಫೋನ್. ಟ್ಯಾಬ್‌ನಲ್ಲಿ ಪ್ರಶ್ನೆಯನ್ನು ಕನ್ನಡದಲ್ಲಿ ರೆಕಾರ್ಡ್ ಮಾಡಿಡಿ. ಅವರು ಕೇಳಿಸಿಕೊಂಡು ಹಸಿರೋ ಕೆಂಪೋ ಒತ್ತುತ್ತಾರೆ. 1995ರಲ್ಲಿ ಅಮೆರಿಕದ ಹದಿಹರೆಯದ ಹುಡುಗರ ಸರ್ವೆಯಲ್ಲಿ ಹೀಗೆ ಮಾಡಿದಾಗ, ಗಂಡಸಿನ ಜೊತೆ ಲೈಂಗಿಕ ಸಂಪರ್ಕ ಇತ್ತು ಎಂದವರು ನೂರಕ್ಕೆ 5.5. ಕಾಗದದ ಫಾರಂ ತುಂಬಿದವರಲ್ಲಿ 1.5. ರೆಕಾರ್ಡ್ ಮಾಡುವಾಗ ನಮ್ಮ ಕಡೆಯ ಮಾತಿನಲ್ಲೇ ಮಾಡಿ. ಟಿವಿ ವಾರ್ತೆಯ ಕನ್ನಡ ಕೇಳಿದರೆ ಇದು ಸರಕಾರದ್ದು ಎಂದುಕೊಳ್ಳುತ್ತಾರೆ.

ದಾಳ ಹಾಕಿಸಿ ನಿಜ ಹೊರಡಿಸುತ್ತಾರಂತೆ. ಹೌದಾ?

ಹೌದು. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಎಂಬ ವಿದ್ವಾಂಸರು ತೋರಿಸಿಕೊಟ್ಟ ದಾರಿ ಅದು. ಆಮೇಲೆ ಅದರ ಹಲವು ರೂಪಗಳು ಬಂದವು. ಒಂದು ಸರಳ ರೂಪ ಹೇಳುತ್ತೇನೆ.

ಉತ್ತರಿಸುವವರು ಮರೆಯಲ್ಲಿ ದಾಳ ಹಾಕುತ್ತಾರೆ. ಒಂದು ಬಿದ್ದರೆ ಸುಮ್ನೆ "ಹೌದು" ಅನ್ನಬೇಕು. ಆರು ಬಿದ್ದರೆ ಸುಮ್ನೆ "ಇಲ್ಲ" ಅನ್ನಬೇಕು. ಎರಡರಿಂದ ಐದರೊಳಗೆ ಬಿದ್ದರೆ ನಿಜ ಹೇಳಬೇಕು. ಈಗ ಒಬ್ಬ ಹುಡುಗ "ಹೌದು, ಕಾಪಿ ಹೊಡೆದಿದ್ದೇನೆ" ಅಂದರೆ, ಅದು ಅವನ ಮಾತೋ ದಾಳದ ಮಾತೋ ಯಾರಿಗೂ ಗೊತ್ತಾಗದು. ಪ್ರಿನ್ಸಿಪಾಲರು ಫಾರಂ ಕಿತ್ತುಕೊಂಡು ನೋಡಿದರೂ ಗೊತ್ತಾಗದು.

ಆದರೆ ಒಟ್ಟು ಲೆಕ್ಕ ನಮಗೆ ಸಿಗುತ್ತದೆ. 300 ಜನ ಇದ್ದಾರೆ ಅನ್ನಿ. ಸುಮಾರು 50 ಜನಕ್ಕೆ ಒಂದು ಬಿದ್ದಿರುತ್ತದೆ, 50 ಜನಕ್ಕೆ ಆರು. ಉಳಿದ 200 ಜನ ನಿಜ ಹೇಳಿದ್ದಾರೆ. ಒಟ್ಟು 90 "ಹೌದು" ಬಂದಿದ್ದರೆ ಅದರಲ್ಲಿ 50 ದಾಳದ್ದು. ಉಳಿದ 40 ನಿಜವಾದದ್ದು. 200ರಲ್ಲಿ 40, ಅಂದರೆ ನೂರಕ್ಕೆ 20.

ಬೆಲೆ ಇಲ್ಲೂ ಇದೆ. ನೇರವಾಗಿ ಕೇಳಿ 20 ಬಂದಿದ್ದರೆ 300 ಜನರ ಸ್ಯಾಂಪಲ್‌ನಲ್ಲಿ ಅಂದಾಜು ಆಚೀಚೆ ನಾಲ್ಕೂವರೆಯಷ್ಟು ಅಲುಗಾಡುತ್ತದೆ. ದಾಳದಲ್ಲಿ ಆಚೀಚೆ ಸುಮಾರು ಎಂಟು. ಅಷ್ಟೇ ಬಿಗಿಯಾದ ಉತ್ತರ ಬೇಕಿದ್ದರೆ ಸುಮಾರು ಮೂರು ಪಟ್ಟು ಜನ ಬೇಕು. ಇನ್ನೊಂದು ಕಷ್ಟ, ಒಂದು ಬಿದ್ದರೂ "ಹೌದು" ಅನ್ನಲು ಕೆಲವರಿಗೆ ಮನಸ್ಸು ಬರುವುದಿಲ್ಲ. ಕಾಪಿ ಹೊಡೆಯದ ಹುಡುಗಿ ಹೊಡೆದಿದ್ದೇನೆ ಎಂದು ಯಾಕೆ ಹೇಳಬೇಕು? ಮೊದಲು ಒಂದು ಹಗುರ ಪ್ರಶ್ನೆ ಇಟ್ಟು ಅಭ್ಯಾಸ ಮಾಡಿಸಿ. ಹತ್ತು ನಿಮಿಷ ಜಾಸ್ತಿ ಹಿಡಿದರೂ ಪರವಾಗಿಲ್ಲ.

ಹೆಸರಿಲ್ಲದಿದ್ದರೆ ಜನ ಬೇಕಾಬಿಟ್ಟಿ ತುಂಬುವುದಿಲ್ವಾ?

ತುಂಬುತ್ತಾರೆ. ಇದನ್ನು ನಮ್ಮ ಕ್ಲಾಸುಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ. ಲೆಲ್ಕೆಸ್, ಕ್ರಾಸ್ನಿಕ್ ಮತ್ತು ಜೊತೆಗಾರರು ಕಾಲೇಜು ವಿದ್ಯಾರ್ಥಿಗಳ ಮೇಲೆ ಮೂರು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದರು. ಪೂರ್ತಿ ಹೆಸರಿಲ್ಲದಂತೆ ಮಾಡಿದಾಗ ನಾಚಿಕೆಯ ಸಂಗತಿಗಳನ್ನು ಒಪ್ಪಿಕೊಳ್ಳುವುದು ಕೆಲವೊಮ್ಮೆ ಹೆಚ್ಚಿತು. ಆದರೆ ಉತ್ತರಗಳ ನಿಖರತೆ ಮೂರರಲ್ಲೂ ಇಳಿಯಿತು. ಯೋಚಿಸದೆ ಟಿಕ್ ಹಾಕುವುದು ಜಾಸ್ತಿಯಾಯಿತು. ಯಾರೂ ಕೇಳುವವರಿಲ್ಲ ಅಂದಾಗ ಸುಳ್ಳು ಹೇಳುವ ಅಗತ್ಯ ಹೋಗುತ್ತದೆ, ಜೊತೆಗೆ ನೆನಪಿಸಿಕೊಂಡು ಸರಿಯಾಗಿ ಹೇಳಬೇಕೆಂಬ ಹೊಣೆಯೂ ಹೋಗುತ್ತದೆ.

ಹಾಗಾಗಿ "ಹೌದು" ಎಂದವರು ಹೆಚ್ಚಾದರು, ಅಂದರೆ ನಿಜ ಹೆಚ್ಚು ಬಂತು ಎಂದು ಕಣ್ಣು ಮುಚ್ಚಿ ಬರೆಯಬೇಡಿ. ಹುಡುಗರು ತಮಾಷೆಗೂ ಹೌದು ಅನ್ನುತ್ತಾರೆ. ಅಮೆರಿಕದ ಒಂದು ದೊಡ್ಡ ಸರ್ವೆಯಲ್ಲಿ, ನನಗೆ ಕೃತಕ ಕೈ ಅಥವಾ ಕಾಲು ಇದೆ ಎಂದು ಶಾಲೆಯಲ್ಲಿ ಫಾರಂ ತುಂಬಿದ ಹೆಚ್ಚಿನ ಮಕ್ಕಳಿಗೆ, ಮನೆಗೆ ಹೋಗಿ ಕೇಳಿದಾಗ ಅಂಥದ್ದೇನೂ ಇರಲಿಲ್ಲ.

ಹೊಣೆ ಹುಟ್ಟಿಸಲು ಹೆಸರೇ ಬೇಕೆಂದಿಲ್ಲ. ಫಾರಂ ಚಿಕ್ಕದಿರಲಿ. ನಾಲ್ಕು ಪುಟ ದಾಟಿದರೆ ಕೊನೆಯ ಪುಟಗಳಲ್ಲಿ ಎಲ್ಲಕ್ಕೂ "ಒಪ್ಪುತ್ತೇನೆ" ಬರುತ್ತದೆ. ಈ ಉತ್ತರದಿಂದ ಏನು ಮಾಡುತ್ತೀರಿ ಎಂದು ಮೊದಲೇ ಹೇಳಿ. ಹಾಸ್ಟೆಲ್ ಊಟದ ಬಗ್ಗೆ ಕೇಳುತ್ತಿದ್ದರೆ, ವಾರ್ಡನ್ ಸಭೆಯಲ್ಲಿ ಇದರ ಒಟ್ಟು ಲೆಕ್ಕ ಇಡುತ್ತೇವೆ ಎಂದು ಹೇಳಿ. ಹೇಳಿದ ಮೇಲೆ ಇಡಿ. ನಡುವೆ "ಈ ಸಾಲಿನಲ್ಲಿ ಎರಡನೆಯದಕ್ಕೆ ಟಿಕ್ ಹಾಕಿ" ಎಂಬಂಥ ಒಂದು ಪ್ರಶ್ನೆ ಇಟ್ಟರೆ ಓದದೆ ತುಂಬಿದವರು ಗೊತ್ತಾಗುತ್ತಾರೆ. ಒಂದಕ್ಕಿಂತ ಹೆಚ್ಚು ಇಟ್ಟರೆ ಓದಿದವರಿಗೂ ಸಿಟ್ಟು ಬರುತ್ತದೆ.

ಸುಳ್ಳು ಹೇಳುವವರನ್ನು ಹಿಡಿಯಲು ಅಳತೆಪಟ್ಟಿ ಇದೆಯಂತಲ್ಲ?

ಕ್ರೌನ್ ಮತ್ತು ಮಾರ್ಲೋ 1960ರಲ್ಲಿ ಮಾಡಿದ 33 ವಾಕ್ಯಗಳ ಪಟ್ಟಿ ಇದೆ. ಎಲ್ಲರಿಗೂ ಒಳ್ಳೆಯವರಾಗಿ ಕಾಣಬೇಕೆಂಬ ಹಂಬಲ ಎಷ್ಟಿದೆ ಎಂದು ಅದು ಅಳೆಯುತ್ತದೆ. ಅದನ್ನು ಸುಳ್ಳು ಹಿಡಿಯುವ ಯಂತ್ರದಂತೆ ಬಳಸಬೇಡಿ. ಡೆಲ್ರಾಯ್ ಪೌಲಸ್ ಎಂಬ ಮನಶ್ಶಾಸ್ತ್ರಜ್ಞರು 1984ರಲ್ಲಿ ತೋರಿಸಿದ ಹಾಗೆ ಇಲ್ಲಿ ಎರಡು ಬೇರೆ ಸಂಗತಿಗಳಿವೆ. ಒಂದು, ಬೇರೆಯವರ ಮುಂದೆ ಚೆನ್ನಾಗಿ ಕಾಣಲು ಬೇಕೆಂದೇ ಮರೆಮಾಚುವುದು. ಇನ್ನೊಂದು, ತಾನು ಹಾಗೇ ಇದ್ದೇನೆ ಎಂದು ಮನಸಾರೆ ನಂಬಿರುವುದು. ಹೆಸರು ತೆಗೆದರೆ ಮೊದಲನೆಯದು ಕಡಿಮೆಯಾಗುತ್ತದೆ. ಎರಡನೆಯದು ಹಾಗೇ ಉಳಿಯುತ್ತದೆ. ಮಕ್ಕಳಿಗೆ ನಾನು ಕೈ ಎತ್ತಿದವನೇ ಅಲ್ಲ ಎಂದು ನಂಬಿರುವ ತಂದೆ ಮರೆಯ ಹಿಂದೆಯೂ ಅದನ್ನೇ ಬರೆಯುತ್ತಾನೆ. ನೆನಪಿನದ್ದೂ ಹಾಗೇ. ಹೋದ ವರ್ಷ ದವಾಖಾನೆಗೆ ಎಷ್ಟು ಖರ್ಚಾಯಿತು ಎಂದರೆ ಹೆಸರಿದ್ದರೂ ಇಲ್ಲದಿದ್ದರೂ ಅಂದಾಜೇ ಬರುವುದು.

ಗುಟ್ಟು ಕಾಯುತ್ತೇವೆ ಎಂದು ಒಂದು ಪುಟ ಬರೆಯಲಾ?

ಬೇಡ, ಮೂರು ಸಾಲು ಸಾಕು. ಸಾಮಾನ್ಯ ವಿಷಯಕ್ಕೆ ದೊಡ್ಡ ಭರವಸೆ ಕೊಟ್ಟರೆ ಜನಕ್ಕೆ ಅನುಮಾನವೇ ಹೆಚ್ಚುತ್ತದೆ ಎಂದು ಸಿಂಗರ್ ಮತ್ತು ಜೊತೆಗಾರರ ಪ್ರಯೋಗಗಳಲ್ಲೂ ಕಂಡಿದೆ. ಯಾರು ನೋಡುತ್ತಾರೆ, ಎಲ್ಲಿ ಇಡುತ್ತೀರಿ, ಯಾವಾಗ ಸುಡುತ್ತೀರಿ ಅಥವಾ ಹರಿಯುತ್ತೀರಿ, ಇಷ್ಟು ಬರೆಯಿರಿ. "ಕಟ್ಟುನಿಟ್ಟಾಗಿ ಗೌಪ್ಯವಾಗಿಡಲಾಗುವುದು" ಎಂಬ ವಾಕ್ಯವನ್ನು ಜನ ಎಲ್ಲ ಫಾರಂಗಳಲ್ಲೂ ಓದಿ ಓದಿ ಬಿಟ್ಟಿದ್ದಾರೆ.

ಎಂಜಲು ಪರೀಕ್ಷೆ ಮಾಡುತ್ತೇವೆ ಎಂದು ಹೆದರಿಸಿದರೆ ಹುಡುಗರು ಗುಟ್ಕಾ ವಿಷಯ ಒಪ್ಪಿಕೊಳ್ಳುತ್ತಾರಲ್ವಾ?

1970ರ ದಶಕದಲ್ಲಿ ಧೂಮಪಾನದ ಅಧ್ಯಯನಗಳಲ್ಲಿ ಇಂಥದ್ದನ್ನು ಮಾಡಿದ್ದಾರೆ, ಒಪ್ಪಿಕೊಂಡವರೂ ಹೆಚ್ಚಾದರು. ಪರೀಕ್ಷೆ ಮಾಡುವುದೇ ಇಲ್ಲದಿದ್ದರೆ ಅದು ಮಕ್ಕಳಿಗೆ ಹೇಳುವ ಸುಳ್ಳು. ನಿಜ ಹೇಳಿ ಎಂದು ಕೇಳಲು ಹೋದವರು ಸುಳ್ಳಿನಿಂದ ಶುರು ಮಾಡುವುದು ನನಗೆ ಒಪ್ಪಿಗೆಯಿಲ್ಲ.

ನಾನು ಫಾರಂ ತುಂಬುವವಳು. ನಂಬಬೇಕೋ ಬೇಡವೋ ಹೇಗೆ ತಿಳಿಯುವುದು?

"ಇದು ಯಾರ ಕೈಗೆ ಹೋಗತೈತ್ರಿ?" ಎಂದು ನೇರವಾಗಿ ಕೇಳಿ. ಕೇಳಲು ನಿಮಗೆ ಹಕ್ಕಿದೆ. ತಡವರಿಸಿದರೆ ತುಂಬಬೇಡಿ. ಆಧಾರ್ ನಂಬರ್, ರೇಷನ್ ಕಾರ್ಡ್ ನಂಬರ್, ಒಟಿಪಿ ಕೇಳಿದರೆ ಅದು ಸಂಶೋಧನೆಯೇ ಅಲ್ಲ, ಕಳಿಸಿಬಿಡಿ. ಬೇಡದ ಪ್ರಶ್ನೆ ಬಿಡಬಹುದು, ನಡುವೆ ನಿಲ್ಲಿಸಬಹುದು. ಅದಕ್ಕೆ ಕಾರಣ ಹೇಳಬೇಕಿಲ್ಲ. ತುಂಬುತ್ತೀರಿ ಅಂದರೆ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಸುಳ್ಳು ಬರೆಯುವುದಕ್ಕಿಂತ ಖಾಲಿ ಬಿಟ್ಟರೆ ನಮಗೆ ಉಪಕಾರ.

ಹೆಸರಿಲ್ಲದ ಫಾರಂನಲ್ಲಿ ಯಾರಾದರೂ "ಸಾಯಬೇಕು ಅನ್ನಿಸುತ್ತದೆ" ಎಂದು ಬರೆದರೆ?

ಈ ಪ್ರಶ್ನೆಯನ್ನು ಸರ್ವೆಗೆ ಹೋಗುವ ಮೊದಲು ಕೇಳಬೇಕು. ಮುಗಿದ ಮೇಲೆ ಉತ್ತರ ಇರುವುದಿಲ್ಲ. ಡಬ್ಬಿ ತೆರೆದು, 120 ಫಾರಂಗಳ ನಡುವೆ ಆ ಒಂದನ್ನು ಕಂಡಾಗ, ಬರೆದವರು ಯಾರೆಂದು ನಿಮಗೆ ಗೊತ್ತಾಗದು. ಗೊತ್ತಾಗದ ಹಾಗೆ ನೀವೇ ಮಾಡಿದ್ದೀರಿ.

ಹಾಗಾಗಿ ಆತ್ಮಹತ್ಯೆ, ಖಿನ್ನತೆ, ಹಿಂಸೆಯ ಪ್ರಶ್ನೆ ಇರುವ ಸರ್ವೆಯಲ್ಲಿ ಎಲ್ಲರಿಗೂ ಫಾರಂ ಜೊತೆ ಒಂದು ಚೀಟಿ ಕೊಡಿ. ಬೇಕಾದವರಿಗೆ ಮಾತ್ರ ಕೊಟ್ಟರೆ ಬೇಕಾದವರು ಯಾರೆಂದು ಗೊತ್ತಾಗುತ್ತದೆ. ಚೀಟಿಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಇರಲಿ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಕಾಲೇಜಿನ ಆಪ್ತಸಮಾಲೋಚಕರು ಇದ್ದರೆ ಅವರು ಸಿಗುವ ಹೊತ್ತು ಬರೆಯಿರಿ. ಫಾರಂನ ಕೊನೆಯಲ್ಲಿ "ನಿಮ್ಮನ್ನು ನಾವು ಮಾತಾಡಿಸಬೇಕು ಅನ್ನಿಸಿದರೆ ಇಲ್ಲಿ ಹೆಸರು, ನಂಬರ್ ಬರೆಯಬಹುದು" ಎಂದು ಬೇರೆ ಹಾಳೆ ಇಡಿ. ಅದನ್ನೂ ಎಲ್ಲರೂ ಮಡಚಿ ಹಾಕಲಿ, ಬರೆದವರೂ ಬರೆಯದವರೂ. ಆ ಹಾಳೆಗಳನ್ನು ಅದೇ ದಿನ ತೆರೆಯಿರಿ. ಪರೀಕ್ಷೆ ಮುಗಿದ ಮೇಲೆ ಡೇಟಾ ಎಂಟ್ರಿ ಮಾಡೋಣ ಎಂದು ಇಟ್ಟುಬಿಡಬೇಡಿ.

ಹದಿನೆಂಟು ತುಂಬದ ಮಕ್ಕಳ ಸರ್ವೆ ಆದರೆ ಇನ್ನೊಂದು ಸಂಗತಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ನಿಮಗೆ ಗೊತ್ತಾದರೆ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಯಾರಿಗೂ ಹೇಳುವುದಿಲ್ಲ" ಎಂಬ ಮಾತನ್ನು ಮಕ್ಕಳಿಗೆ ಕೊಟ್ಟು, ಆಮೇಲೆ ಮುರಿಯುವ ಪರಿಸ್ಥಿತಿ ಬರಬಾರದು. ಯಾವುದನ್ನು ಗುಟ್ಟಾಗಿ ಇಡುತ್ತೀರಿ, ಯಾವುದನ್ನು ಇಡಲು ಆಗುವುದಿಲ್ಲ ಎಂದು ಫಾರಂ ಕೊಡುವ ಮೊದಲೇ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಿ. ಅದಾದ ಮೇಲೆ ಕೆಲವು ಮಕ್ಕಳು ಆ ಪ್ರಶ್ನೆಯನ್ನು ಖಾಲಿ ಬಿಡುತ್ತಾರೆ. ಬಿಡಲಿ.